ಕೈ ಗಿಟಾರ್ ಮೇಲೆ, ಬಾಯಿ ಹಾಡಿನ ಮೇಲೆ: ಹಿಡಿಯದೇ ಹಾಡುವ ಮೈಕ್ ಕಟ್ಟಿದ್ದು

ರಾಕ್ ಬ್ಯಾಂಡ್ ಥರದ, ಪ್ಲಾಸ್ಟಿಕ್ ವಾದ್ಯ ಹಿಡಿದು ಪರದೆಯ ನೋಟುಗಳಂತೆ ನುಡಿಸುವ ವಿಡಿಯೋ ಆಟದಲ್ಲಿ ಗಿಟಾರ್ ನುಡಿಸುತ್ತಾ ಹಾಡಬೇಕು ಅಂದರೆ ಮೊದಲು ಅಡ್ಡ ಬರುವುದು ಶ್ರುತಿಯೂ ಅಲ್ಲ, ತಾಳವೂ ಅಲ್ಲ. ಮೈಕ್ ಹಿಡಿಯಲು ಕೈ ಖಾಲಿ ಇಲ್ಲ. ಎಡಗೈ ಐದು ಬಣ್ಣದ ಗುಂಡಿಗಳ ಮೇಲೆ, ಬಲಗೈ ತಂತಿಯ ಬದಲು ಮೀಟುವ ಸ್ಟ್ರಮ್ ಪಟ್ಟಿಯ ಮೇಲೆ. ಡ್ರಮ್ಸ್ ಆದರೆ ಎರಡೂ ಕೈಗೆ ಕೋಲು, ಒಂದು ಕಾಲು ಪೆಡಲ್ ಮೇಲೆ. 2007ರ ನವೆಂಬರ್‌ನಲ್ಲಿ ಅಮೆರಿಕದಲ್ಲಿ ಬಂದ ಮೊದಲ ರಾಕ್ ಬ್ಯಾಂಡ್ ಪೆಟ್ಟಿಗೆಯಲ್ಲಿ ಗಿಟಾರ್, ಡ್ರಮ್ಸ್, ಯುಎಸ್‌ಬಿ ಮೈಕ್ ಮೂರೂ ಇದ್ದವು. ಮೈಕ್‌ಗೆ ಸ್ಟ್ಯಾಂಡ್ ಇರಲಿಲ್ಲ. ಹಾಡುವವರು ಬೇರೆ, ನುಡಿಸುವವರು ಬೇರೆ ಅನ್ನುವ ಲೆಕ್ಕ ಅದು.

ಇದರಲ್ಲಿ ಒಂದು ಸ್ವಾರಸ್ಯ ಇದೆ. ರಾಕ್ ಬ್ಯಾಂಡ್ ಮಾಡಿದ ಅದೇ ಹಾರ್ಮೊನಿಕ್ಸ್ ಕಂಪನಿ 2003ರಲ್ಲಿ ಮಾಡಿದ ಕರೋಕೆ ರೆವಲ್ಯೂಷನ್ ಎಂಬ ಹಾಡುವ ಆಟ ಪಿಎಸ್2 (ಪ್ಲೇಸ್ಟೇಷನ್ 2) ಗೇಮ್ ಯಂತ್ರಕ್ಕೆ ಬಂದಾಗ ಹೆಡ್‌ಸೆಟ್ ಜೊತೆಗೇ ಮಾರಾಟವಾಗಿತ್ತು. ಅಂದರೆ ಕೈ ಬೇಡದ ಮೈಕ್ ಮೊದಲೇ ಇತ್ತು. ಕೈಗೆ ವಾದ್ಯ ಬಂದ ಮೇಲೆ, ನಿಜಕ್ಕೂ ಬೇಕಾದ ಹೊತ್ತಿಗೆ, ಅದು ಕೈಮೈಕ್ ಆಯಿತು.

ಮನೆಯಲ್ಲಿ ನಾಲ್ಕು ಜನ ಒಟ್ಟಿಗೆ ಬಿಡುವಾಗಿರುವುದು ಹಬ್ಬಕ್ಕೆ ಮಾತ್ರ. ಉಳಿದ ದಿನ ಇಬ್ಬರು, ಜಾಸ್ತಿ ಅಂದರೆ ಮೂವರು. ಹಾಗಾಗಿ ಒಬ್ಬರು ಎರಡು ಕೆಲಸ ಮಾಡಲೇಬೇಕು. ಅದಕ್ಕಿಂತ ಮುಖ್ಯವಾಗಿ, ನುಡಿಸುತ್ತಾ ಹಾಡುವ ಖುಷಿಯೇ ಬೇರೆ. ಪ್ಲಾಸ್ಟಿಕ್ ಗಿಟಾರ್ ಆದರೂ ಸರಿ, ಕೈಯ ಲಯ ಮತ್ತು ಬಾಯಿಯ ಲಯ ಬೇರೆ ಬೇರೆ ದಾರಿಯಲ್ಲಿ ಹೋಗಿ ಒಂದು ಕಡೆ ಸೇರುವಾಗ ಮೈ ಜುಮ್ ಅನ್ನುತ್ತದೆ. ಅದನ್ನು ಅನುಭವಿಸಿಯೇ ನೋಡಬೇಕು.

ನನ್ನ ಹತ್ತಿರ ಇರುವುದು ನ್ಯೂಜೆರ್ಸಿಯಲ್ಲಿರುವ ಅಕ್ಕ ಮನೆ ಬದಲಿಸುವಾಗ ಕಳಿಸಿಕೊಟ್ಟ ಪಿಎಸ್3ರ ಗಿಟಾರ್, ಡ್ರಮ್ಸ್ ಮತ್ತು ಯುಎಸ್‌ಬಿ ಮೈಕ್. ಈಗ ಇವನ್ನೆಲ್ಲ ಕಂಪ್ಯೂಟರಿಗೆ ಸೇರಿಸಿ ಯಾರ್ಗ್ ಅನ್ನುವ ಆಟ ಆಡುತ್ತೇನೆ. ಅದು ಉಚಿತ, ಮುಕ್ತ ತಂತ್ರಾಂಶ, ಹಾಡುವ ಭಾಗವೂ ಇದೆ. ಪಿಎಸ್3 ಗಿಟಾರ್ ಕೊಳ್ಳುವವರಿಗೆ ಒಂದು ಮಾತು: ಅದರ ಯುಎಸ್‌ಬಿ ಡಾಂಗಲ್, ಅಂದರೆ ಗಿಟಾರ್‌ನ ಸಿಗ್ನಲ್ ಹಿಡಿಯುವ ಚಿಕ್ಕ ತುಂಡು, ಜೊತೆಗಿದೆಯಾ ಅಂತ ಮೊದಲು ಕೇಳಿ. ಡಾಂಗಲ್ ಇಲ್ಲದ ಗಿಟಾರ್ ತಗೊಂಡು ಪ್ರಯೋಜನವಿಲ್ಲ.

ಆಟ ನಮ್ಮ ದನಿಯಲ್ಲಿ ಏನನ್ನು ಕೇಳಿಸಿಕೊಳ್ಳುತ್ತದೆ ಅನ್ನುವುದು ತಿಳಿದರೆ ಅರ್ಧ ಕೆಲಸ ಮುಗಿಯಿತು. ಅದಕ್ಕೆ ದನಿ ಇಂಪಾಗಿದೆಯೋ ಇಲ್ಲವೋ ಬೇಕಿಲ್ಲ. ಈ ಕ್ಷಣ ಸ್ವರ ಯಾವುದು, ಅದು ಪರದೆಯ ಮೇಲಿನ ಗೆರೆಗೆ ಎಷ್ಟು ಹತ್ತಿರ ಇದೆ, ಇಷ್ಟೇ. ಒಂದು ಸ್ಥಾಯಿ ಕೆಳಗೆ ಹಾಡಿದರೂ ಅಂಕ ಸಿಗುತ್ತದೆ. ಬಾಯಿ ಮುಚ್ಚಿ ಗುನುಗಿದರೂ ಸಿಗುತ್ತದೆ. ಹಾಗಾಗಿ ದುಬಾರಿ ಮೈಕ್ ಬೇಕಾಗಿಲ್ಲ. ಬೇಕಾದ್ದು ಬಾಯಿಗೂ ಮೈಕಿಗೂ ನಡುವೆ ಬದಲಾಗದ ದೂರ. ದೂರ ಎರಡರಷ್ಟಾದರೆ ನಮ್ಮ ದನಿ ಸುಮಾರು 6 ಡೆಸಿಬೆಲ್ ಇಳಿಯುತ್ತದೆ, ಆದರೆ ಟಿವಿಯಿಂದ ಬರುವ ಸದ್ದು ಅಷ್ಟೇ ಇರುತ್ತದೆ. ಸ್ವಲ್ಪ ಹಿಂದೆ ಸರಿದರೆ ಸಾಕು, ಮೈಕ್ ನಮ್ಮನ್ನು ಬಿಟ್ಟು ಟಿವಿಯ ಹಾಡುಗಾರನನ್ನೇ ಕೇಳಲು ಶುರು ಮಾಡುತ್ತದೆ.

ಮೊದಲು ಗಿಟಾರ್‌ಗೆ ಕಟ್ಟಿದ್ದು. ಗಿಟಾರ್ ಹಿಡಿದು ನಿಂತವರಿಗೆ ಸ್ಟ್ಯಾಂಡ್ ಸಾಕು. ವೇದಿಕೆಯ ಗಾಯಕರು ಅತ್ತಿತ್ತ ಓಡಾಡುತ್ತಾರೆ. ಇಲ್ಲಿ ಕಣ್ಣು ಪರದೆಗೆ ಅಂಟಿಕೊಂಡೇ ಇರಬೇಕು, ಹಾಗಾಗಿ ತಲೆ ತಾನಾಗಿಯೇ ಒಂದೇ ಕಡೆ ನಿಲ್ಲುತ್ತದೆ. ಮೈಕ್ ಸ್ಟ್ಯಾಂಡ್ ಕೊಳ್ಳದೆ ಮನೆಯಲ್ಲಿದ್ದ ಕ್ಯಾಮೆರಾ ಟ್ರೈಪಾಡ್ ತೆಗೆದುಕೊಂಡೆ. ಟ್ರೈಪಾಡ್ ತಿರುಪು ಕಾಲು ಇಂಚಿನದು, ಮೈಕ್ ಕ್ಲಿಪ್‌ಗಳ ತಿರುಪು 3/8 ಅಥವಾ 5/8 ಇಂಚಿನದು. ನಡುವೆ ಹಾಕುವ ಹಿತ್ತಾಳೆಯ ಅಡಾಪ್ಟರ್ ಬೆಂಗಳೂರಿನ ಎಸ್.ಪಿ. ರೋಡಿನಲ್ಲಿ ಸಿಗುತ್ತದೆ. ಸಿಗದಿದ್ದರೆ ಮೊಬೈಲ್ ಹಿಡಿಸುವ ಕ್ಲಿಪ್‌ಗೇ ಮೈಕನ್ನು ಸೈಕಲ್ ಟ್ಯೂಬಿನ ತುಂಡಿನಿಂದ ಬಿಗಿಯಾಗಿ ಸುತ್ತಿದರೂ ಆಗುತ್ತದೆ. ರಬ್ಬರ್ ಇರುವುದರಿಂದ ನೆಲದ ಅದುರುವಿಕೆಯೂ ಕಡಿಮೆ ಬರುತ್ತದೆ.

ಇಲ್ಲಿ ಅಡಚಣೆ ಗಿಟಾರ್‌ನದೇ. ಟ್ರೈಪಾಡ್ ಮುಂದೆ ಇಟ್ಟರೆ ಅದರ ಕಾಲುಗಳ ಮೇಲೆ ನಮ್ಮ ಕಾಲು, ಮೇಲಿನ ಕಂಬಕ್ಕೆ ಗಿಟಾರ್ ಕತ್ತು. ಸ್ಟಾರ್ ಪವರ್‌ಗೆ, ಅಂದರೆ ಕೂಡಿಟ್ಟ ಶಕ್ತಿ ಖರ್ಚು ಮಾಡಿ ಅಂಕ ಹೆಚ್ಚಿಸಿಕೊಳ್ಳಲು, ಗಿಟಾರ್ ಎತ್ತಬೇಕಲ್ವಾ, ಆಗಂತೂ ಢಿಕ್ಕಿ ಖಂಡಿತ. ಅದಕ್ಕೆ ಹಳೇ ಟೇಬಲ್ ಲ್ಯಾಂಪಿನ ಸ್ಪ್ರಿಂಗ್ ತೋಳು ಬಿಚ್ಚಿದೆ. ಬಲ್ಬಿನ ತಲೆ ತೆಗೆದು ಅಲ್ಲಿ ಮುಕ್ಕಾಲು ಇಂಚಿನ ಪಿವಿಸಿ ಪೈಪಿನ ಚಿಕ್ಕ ತುಂಡನ್ನು ಉದ್ದಕ್ಕೆ ಸೀಳಿ ಕೂರಿಸಿದರೆ ಮೈಕ್ ಹಿಡಿಕೆ ಗಟ್ಟಿಯಾಗಿ ಕಚ್ಚಿಕೊಳ್ಳುತ್ತದೆ. ಹಿಡಿಕೆ ದಪ್ಪ ಇದ್ದರೆ ಪೈಪನ್ನು ಬಿಸಿ ನೀರಿನಲ್ಲಿ ಅದ್ದಿ ಅಗಲಿಸಿ. ಮೈಕ್‌ನ ತೂಕ ಲ್ಯಾಂಪ್ ತಲೆಗಿಂತ ಬೇರೆ, ಹಾಗಾಗಿ ತೋಳು ಮೆಲ್ಲಗೆ ಇಳಿಯುತ್ತದೆ. ಸ್ಪ್ರಿಂಗನ್ನು ಒಂದು ತೂತು ಮುಂದಕ್ಕೆ ಸಿಕ್ಕಿಸಿ ಸರಿ ಮಾಡಿದೆ. ತೋಳನ್ನು ಬಲಗಡೆಯ ಪುಸ್ತಕದ ಕಪಾಟಿಗೆ ಕ್ಲಾಂಪ್ ಮಾಡಿದ್ದರಿಂದ ನೆಲದ ಮೇಲೆ ಏನೂ ಇಲ್ಲ. ಗಿಟಾರ್ ಕತ್ತು ಎಡಕ್ಕೆ, ಮೈಕ್ ತೋಳು ಬಲದಿಂದ. ಎಡಗೈ ಆಟಗಾರರು ಇದನ್ನು ತಿರುಗಿಸಿಕೊಳ್ಳಬೇಕು.

ಬಾಯಿಯ ಮಟ್ಟಕ್ಕಿಂತ ಸ್ವಲ್ಪ ಕೆಳಗೆ, ಗದ್ದದ ನೇರಕ್ಕೆ ಮೈಕ್ ಇಟ್ಟರೆ ಪರದೆಗೆ ಅಡ್ಡ ಬರುವುದಿಲ್ಲ. ನೋಟುಗಳು ಪರದೆಯ ಕೆಳಭಾಗದಲ್ಲಿ ಬರುತ್ತವೆ, ಹಾಗಾಗಿ ಎರಡು ಬೆರಳಿನಷ್ಟು ಎತ್ತರ ಹೆಚ್ಚಾದರೂ ಗೊತ್ತಾಗುತ್ತದೆ.

ಆಮೇಲೆ ಕುತ್ತಿಗೆಗೆ ಹಾಕುವ ಚೌಕಟ್ಟು. ಹಾರ್ಮೋನಿಕಾ ನುಡಿಸುವ ಗಿಟಾರ್ ವಾದಕರು ಹಾಕಿಕೊಳ್ಳುತ್ತಾರಲ್ಲ, ಅದೇ ಅಂದಾಜಿನದು. 10 ಗೇಜಿನ ಜಿಐ ತಂತಿ, ಅಂದರೆ ಸುಮಾರು 3.25 ಮಿಲಿಮೀಟರ್ ದಪ್ಪದ್ದು. ಇಕ್ಕಳದಲ್ಲಿ ಬಗ್ಗಿಸಿ, ಹೆಗಲಿನ ಮೇಲೆ ಕೂರುವ ಜಾಗಕ್ಕೆ ಪೈಪ್ ಇನ್ಸುಲೇಷನ್ ಫೋಮ್ ಹಾಕಿದೆ. ಯುಎಸ್‌ಬಿ ಮೈಕ್ ಇದಕ್ಕೆ ಭಾರ. ತಲೆ ಆಡಿಸಿದಾಗಲೆಲ್ಲ ಅದು ಮುಂದಕ್ಕೆ ವಾಲುತ್ತದೆ, ಜೊತೆಗೆ ಗಿಟಾರ್ ಪಟ್ಟಿಯೂ ಅದೇ ಎಡ ಹೆಗಲಿಗೆ ಬಂದು ತಂತಿಯನ್ನು ಒತ್ತುತ್ತದೆ. ಈ ದಾರಿ ಬಿಟ್ಟೆ. ಆದರೆ ಒಂದು ವಿಷಯ ಸ್ಪಷ್ಟವಾಯಿತು: ತಲೆಯ ಜೊತೆ ಸಾಗುವ ಮೈಕ್ ಬೇಕು ಅಂದರೆ ಮೈಕ್ ಹಗುರ ಇರಬೇಕು. ಇಡೀ ಮೈಕ್ ಬೇಡ, ಅದರೊಳಗೆ ದನಿ ಹಿಡಿಯುವ ಗುಂಡಿ ಒಂದೇ ಸಾಕು.

ಆ ಗುಂಡಿಯ ಹೆಸರು ಎಲೆಕ್ಟ್ರೆಟ್ ಕ್ಯಾಪ್ಸೂಲ್. ಅಡ್ಡಳತೆ 9.7 ಮಿಲಿಮೀಟರ್, ಸಣ್ಣದು ಬೇಕಿದ್ದರೆ 6 ಮಿಲಿಮೀಟರ್. ಬೆಲೆ ಒಂದು ಟೀ ಕಾಫಿಯ ಆಸುಪಾಸು. ಫೋನು, ಹೆಡ್‌ಸೆಟ್, ಹಳೇ ಟೇಪ್ ರೆಕಾರ್ಡರ್ ಎಲ್ಲದರಲ್ಲೂ ಇದೇ ಜಾತಿಯದು ಇರುತ್ತಿತ್ತು. ಇದನ್ನು ತಲೆಪಟ್ಟಿಗೆ ಕಟ್ಟುವುದೇ ನನ್ನ ಪ್ರಕಾರ ಎಲ್ಲಕ್ಕಿಂತ ಒಳ್ಳೆಯ ಉಪಾಯ. ಹಾಗಾಗಿ ಇದನ್ನು ಬಿಡಿಸಿ ಹೇಳುತ್ತೇನೆ.

ಕ್ಯಾಪ್ಸೂಲ್ ತಿರುಗಿಸಿ ನೋಡಿ. ಹಿಂದೆ ಎರಡು ಬೆಸುಗೆ ಚುಕ್ಕೆ. ಒಂದರಿಂದ ಸಣ್ಣ ಗೆರೆಗಳು ಹೊರಗಿನ ಲೋಹದ ಕವಚಕ್ಕೆ ಹೋಗಿರುತ್ತವೆ. ಅದು ಗ್ರೌಂಡ್. ಕಣ್ಣಿಗೆ ಕಾಣದಿದ್ದರೆ ಮಲ್ಟಿಮೀಟರ್‌ನ ಒಂದು ಕಡ್ಡಿ ಕವಚಕ್ಕೆ, ಇನ್ನೊಂದು ಚುಕ್ಕೆಗೆ ಮುಟ್ಟಿಸಿ. ಬೀಪ್ ಅಂದರೆ ಅದೇ ಗ್ರೌಂಡ್. ಬೆಸುಗೆ ಬೇಗ ಮುಗಿಸಬೇಕು, ಕಾವು ಜಾಸ್ತಿಯಾದರೆ ಒಳಗಿನ ಪೊರೆ ಹಾಳಾಗುತ್ತದೆ. ನಾನು ಮೊದಲು ತಂತಿಯ ತುದಿಗೆ ಸೀಸ ಹತ್ತಿಸಿಕೊಂಡು, ಆಮೇಲೆ ಚುಕ್ಕೆಗೆ ಎರಡು ಸೆಕೆಂಡ್ ಮಾತ್ರ ಕಾವು ಕೊಡುತ್ತೇನೆ.

ತಂತಿ ಕವಚ ಇರುವುದೇ ಆಗಬೇಕು, ಇಲ್ಲದಿದ್ದರೆ ಗುಂಯ್ ಅನ್ನುವ ಸದ್ದು ಸೇರಿಕೊಳ್ಳುತ್ತದೆ. ಕೆಟ್ಟ ಇಯರ್‌ಫೋನಿನ ತಂತಿ ಬಳಸುವವರು ಗಮನಿಸಿ: ಅದರೊಳಗಿನ ಎಳೆಗಳಿಗೆ ಕೆಂಪು, ಹಸಿರು, ನೀಲಿ ವಾರ್ನಿಷ್ ಬಳಿದಿರುತ್ತದೆ, ನಡುವೆ ದಾರದ ಎಳೆಯೂ ಇರುತ್ತದೆ. ಆ ವಾರ್ನಿಷ್ ಸುಟ್ಟುಹೋಗುವ ತನಕ ಬಿಸಿ ಸೀಸದ ಹನಿಯಲ್ಲಿ ತುದಿ ಅದ್ದದಿದ್ದರೆ ಬೆಸುಗೆ ಹಿಡಿದಂತೆ ಕಾಣುತ್ತದೆ, ಕರೆಂಟ್ ಹರಿಯುವುದಿಲ್ಲ.

ಇನ್ನೊಂದು ತುದಿಗೆ 3.5 ಮಿಲಿಮೀಟರ್ ಜ್ಯಾಕ್. ಕಂಪ್ಯೂಟರಿನ ಗುಲಾಬಿ ಬಣ್ಣದ ಮೈಕ್ ತೂತಿಗೆ ತುದಿ ಮತ್ತು ನಡುವಿನ ಉಂಗುರ ಎರಡನ್ನೂ ಸೇರಿಸಿ ಸಿಗ್ನಲ್, ಬುಡ ಗ್ರೌಂಡ್. ಕ್ಯಾಪ್ಸೂಲಿಗೆ ಬೇಕಾದ ಕೆಲವೇ ವೋಲ್ಟ್ ಆ ತೂತಿನಿಂದಲೇ ಸಿಗುತ್ತದೆ, ಬೇರೆ ಬ್ಯಾಟರಿ ಬೇಡ. ನಾನು ಲ್ಯಾಪ್‌ಟಾಪ್‌ಗೆ ನೇರ ಹಾಕದೆ ಇನ್ನೂರು ರೂಪಾಯಿ ಆಸುಪಾಸಿನ ಯುಎಸ್‌ಬಿ ಸೌಂಡ್ ಕಾರ್ಡ್ ಬಳಸಿದೆ. ಅದನ್ನು ಬೆಲ್ಟಿನ ಹತ್ತಿರ ಜೇಬಿನಲ್ಲಿಟ್ಟು, ಅಲ್ಲಿಂದ ಯುಎಸ್‌ಬಿ ಎಕ್ಸ್‌ಟೆನ್ಷನ್ ಎಳೆದರೆ ಮೈಕ್‌ನ ದುರ್ಬಲ ಸಿಗ್ನಲ್ ಉದ್ದ ದಾರಿ ಹೋಗಬೇಕಾಗಿಲ್ಲ. ಯುಎಸ್‌ಬಿ ತಂತಿಯನ್ನು ಒಟ್ಟು 5 ಮೀಟರ್ ದಾಟಿಸಬೇಡಿ. ಫೋನಿನ ಇಯರ್‌ಫೋನ್ ಮೈಕನ್ನು ಹಾಗೇ ಬಳಸುತ್ತೇನೆ ಅನ್ನುವವರಿಗೆ ನಾಲ್ಕು ಭಾಗದ ಜ್ಯಾಕನ್ನು ಎರಡಾಗಿ ಒಡೆಯುವ ವೈ ಕೇಬಲ್ ಬೇಕು.

ತಲೆಪಟ್ಟಿಗೆ ಕೆಟ್ಟ ಹೆಡ್‌ಫೋನಿನ ಕಮಾನು ಸಿಕ್ಕಿತು. ಪ್ಲಾಸ್ಟಿಕ್ ಹೇರ್‌ಬ್ಯಾಂಡ್ ಕೂಡ ನಡೆಯುತ್ತದೆ, ಆದರೆ ಡ್ರಮ್ಸ್ ಬಾರಿಸುವಾಗ ಬೆವರಿಗೆ ಜಾರುತ್ತದೆ. ಮೈಕ್ ಕಡ್ಡಿಗೆ ಮನೆ ವೈರಿಂಗಿನ ಒಂಟಿ ಎಳೆಯ ತಾಮ್ರದ ತಂತಿ. ಬಗ್ಗಿಸಿದ ಹಾಗೆ ನಿಲ್ಲುತ್ತದೆ, ಕೆನ್ನೆಗೆ ತಾಗಿದರೆ ಬಾಗುತ್ತದೆ, ಚುಚ್ಚುವುದಿಲ್ಲ. ತಾಮ್ರ ಮತ್ತು ಮೈಕ್ ತಂತಿ ಎರಡನ್ನೂ ಒಂದೇ ಹೀಟ್ ಶ್ರಿಂಕ್ (ಕಾವಿಗೆ ಕುಗ್ಗಿ ಬಿಗಿಯಾಗುವ) ಕೊಳವೆಯಲ್ಲಿ ತೂರಿಸಿ ಲೈಟರ್ ಹಿಡಿದರೆ ಅಂಗಡಿಯ ಹೆಡ್‌ಸೆಟ್ ಥರವೇ ಕಾಣುತ್ತದೆ.

ಕ್ಯಾಪ್ಸೂಲ್ ಇರಬೇಕಾದ್ದು ತುಟಿಯ ಅಂಚಿನಿಂದ ಎರಡು ಬೆರಳು ಪಕ್ಕಕ್ಕೆ, ಬಾಯಿಯ ಮುಂದೆ ಅಲ್ಲ. ಮುಂದೆ ಇಟ್ಟರೆ 'ಪ', 'ಫ', 'ಭ' ಬಂದಾಗಲೆಲ್ಲ ಗಾಳಿ ಹೋಗಿ ಪೊರೆಗೆ ಬಡಿಯುತ್ತದೆ. ಅಂಗೈಯನ್ನು ಬಾಯಿಯ ಮುಂದೆ ಹಿಡಿದು 'ಭಾವ' ಅಂತ ಹೇಳಿ ನೋಡಿ, ಆಮೇಲೆ ಕೈಯನ್ನು ಕೆನ್ನೆಯ ಕಡೆ ಸರಿಸಿ ಹೇಳಿ. ಗಾಳಿ ತಾಗದ ಆ ಜಾಗವೇ ಮೈಕ್‌ನ ಜಾಗ. ಮೇಲೆ ಒಂದು ಸ್ಪಂಜಿನ ಟೋಪಿ. ಒಬ್ಬರಾದ ಮೇಲೆ ಒಬ್ಬರು ಹಾಕಿಕೊಳ್ಳುವುದರಿಂದ ನಾಲ್ಕಾರು ಟೋಪಿ ಮಾಡಿಟ್ಟಿದ್ದೇನೆ, ಆಟ ಮುಗಿದ ಮೇಲೆ ತೊಳೆಯುತ್ತೇನೆ.

ಕಟ್ಟುವುದು ಮುಗಿದ ಮೇಲೆ ವಿಂಡೋಸ್ ಕಡೆ ತಿರುಗಬೇಕು. ಮೈಕ್ ಬೂಸ್ಟ್ ಅಂತ ಇರುತ್ತದೆ, 20 ಅಥವಾ 30 ಡೆಸಿಬೆಲ್. ಅದನ್ನು ಸೊನ್ನೆಗೆ ಇಳಿಸಿ. ಬಾಯಿ ಇಷ್ಟು ಹತ್ತಿರ ಇರುವಾಗ ಅದು ಬೇಡ. ನಾಯ್ಸ್ ಸಪ್ರೆಷನ್, ಎಕೋ ಕ್ಯಾನ್ಸಲೇಷನ್ ಎಲ್ಲವನ್ನೂ ಆರಿಸಿ. ಇದು ತುಂಬಾ ಮುಖ್ಯ. ಸದ್ದು ಅಡಗಿಸುವ ತಂತ್ರಾಂಶ ಮಾತಿಗಾಗಿ ಮಾಡಿದ್ದು. ಒಂದೇ ಸಮ ಬರುವ ಶಬ್ದವನ್ನು ಅದು ಫ್ಯಾನಿನದೋ ಎಸಿಯದೋ ಅಂದುಕೊಂಡು ಕತ್ತರಿಸುತ್ತದೆ. ನಾವು ಒಂದು ಸ್ವರವನ್ನು ಚೆನ್ನಾಗಿ, ಅಲುಗಾಡದೆ ಎಳೆದು ಹಾಡಿದಷ್ಟೂ ಅದಕ್ಕೆ ಅನುಮಾನ ಜಾಸ್ತಿ. ಪರದೆಯ ಮೇಲೆ ನಮ್ಮ ಸ್ವರ ತೋರಿಸುವ ಬಾಣ ಮೊದಲರ್ಧ ಗೆರೆಯ ಮೇಲೆ ಸರಿಯಾಗಿ ಹೋಗಿ ಆಮೇಲೆ ಸುಮ್ನೆ ಮಾಯವಾದರೆ, ತಪ್ಪು ಗಂಟಲಿನದಲ್ಲ, ಈ ಸೆಟ್ಟಿಂಗಿನದು.

ಬ್ಲೂಟೂತ್ ಹೆಡ್‌ಸೆಟ್ ಏಕೆ ಬಳಸಬಾರದು ಅಂತ ಎಲ್ಲರೂ ಕೇಳುತ್ತಾರೆ. ಮೈಕ್ ಶುರುವಾದ ಕೂಡಲೇ ಸಾಮಾನ್ಯವಾಗಿ ಅದು ಫೋನ್ ಕರೆಯ ಗುಣಮಟ್ಟಕ್ಕೆ ಇಳಿಯುತ್ತದೆ, ಜೊತೆಗೆ ದನಿ ತಡವಾಗಿ ತಲುಪುತ್ತದೆ. ತಾಳದ ಆಟಕ್ಕೆ ಆ ತಡ ಒಗ್ಗುವುದಿಲ್ಲ. ತಂತಿಯೇ ಸರಿ.

ಡ್ರಮ್ಸ್ ಬಂದಾಗ ಕಥೆ ಬದಲಾಗುತ್ತದೆ. ಸ್ಟ್ಯಾಂಡ್ ಇಟ್ಟರೆ ಕೋಲು ಅದಕ್ಕೇ ಬಡಿಯುತ್ತದೆ, ಹಾಗಾಗಿ ತಲೆಪಟ್ಟಿ ಬಿಟ್ಟರೆ ಬೇರೆ ದಾರಿ ಇಲ್ಲ. ಆದರೆ ಈ ಕ್ಯಾಪ್ಸೂಲ್ ಎಲ್ಲ ದಿಕ್ಕಿನಿಂದಲೂ ಕೇಳಿಸಿಕೊಳ್ಳುವ ಜಾತಿ, ಪ್ಯಾಡಿನ ಟಕ್ ಟಕ್ ಕೂಡ ಅದಕ್ಕೆ ಬೀಳುತ್ತದೆ. ಪ್ರತಿ ಪೆಟ್ಟಿಗೂ ಬಾಣ ಒಂದು ಕ್ಷಣ ನಡುಗುತ್ತದೆ. ಅದರಿಂದ ಹೋಗುವ ಅಂಕ ಕಡಿಮೆಯೇ. ನಿಜವಾದ ತೊಂದರೆ ಬೇರೆ ಎರಡು ಕಡೆ. ರಾಕ್ ಬ್ಯಾಂಡ್‌ನಲ್ಲಿ ಹಾಡುಗಾರರು ಓವರ್‌ಡ್ರೈವ್ (ಸ್ಟಾರ್ ಪವರ್‌ಗೆ ಅಲ್ಲಿನ ಹೆಸರು) ಶುರು ಮಾಡುವುದು ಹಾಡಿನ ನಡುವಿನ ಗುರುತು ಹಾಕಿದ ಖಾಲಿ ಜಾಗದಲ್ಲಿ ಸದ್ದು ಮಾಡಿ. ನಾವು ಬಾಯಿ ಮುಚ್ಚಿಕೊಂಡಿದ್ದರೂ ಡ್ರಮ್ ಪೆಟ್ಟೇ ಆ ಸದ್ದಾಗಿ, ಕೂಡಿಟ್ಟ ಓವರ್‌ಡ್ರೈವ್ ಬೇಡದ ಹೊತ್ತಲ್ಲಿ ಖರ್ಚಾಗಿಬಿಡುತ್ತದೆ. ಇನ್ನೊಂದು ಕಡೆ ಟ್ಯಾಂಬೊರಿನ್ ಭಾಗ, ಅಂದರೆ ಮೈಕ್ ತಟ್ಟಿ ತಾಳ ಹಾಕುವ ಜಾಗ. ಅಲ್ಲೂ ಡ್ರಮ್ ಪೆಟ್ಟು ಸೇರಿಕೊಳ್ಳುತ್ತದೆ.

ಪರಿಹಾರ ಮೈಕ್‌ನಲ್ಲಿ ಇರಲಿಲ್ಲ, ಪ್ಯಾಡಿನಲ್ಲಿತ್ತು. ಹಳೇ ಮೌಸ್‌ಪ್ಯಾಡುಗಳನ್ನು ದುಂಡಗೆ ಕತ್ತರಿಸಿ, ಬಟ್ಟೆಯ ಬದಿ ಮೇಲೆ ಬರುವಂತೆ ಡಬಲ್ ಟೇಪಿನಲ್ಲಿ ಅಂಟಿಸಿದೆ. ಪೆಟ್ಟಿನ ಸದ್ದು ಮಂಕಾಯಿತು, ಕೋಲು ಪುಟಿಯುವುದು ಹಾಗೇ ಉಳಿಯಿತು. ಅಂಚಿನವರೆಗೆ ಅಂಟಿಸಬೇಡಿ, ಪ್ಯಾಡಿನ ಒಳಗಿನ ಸೆನ್ಸರ್ ಮೆಲ್ಲನೆಯ ಪೆಟ್ಟು ಹಿಡಿಯುವುದು ಕಷ್ಟವಾಗುತ್ತದೆ. ಪೆಡಲ್ ಕೆಳಗೆ ಯೋಗ ಮ್ಯಾಟ್ ಮಡಿಸಿ ಹಾಕಿದೆ. ಕೆಳಗಿನ ಮನೆಯವರಿಗೂ ಅದರಿಂದ ನೆಮ್ಮದಿ.

ಟಿವಿ ಸದ್ದು ಮತ್ತು ಡ್ರಮ್ ಸದ್ದು ಎರಡನ್ನೂ ಪೂರ್ತಿ ಹೊರಗಿಡುವ ಇನ್ನೊಂದು ದಾರಿಯನ್ನು ಮಾಡಿ ನೋಡಿದೆ: ಗಂಟಲ ಮೈಕ್. ಅಗ್ಗದ ಸ್ಟೆತಸ್ಕೋಪಿನ ತಟ್ಟೆ ತೆಗೆದು, ಅದಕ್ಕೆ ಒಂದು ಇಂಚು ರಬ್ಬರ್ ಕೊಳವೆ ಮಾತ್ರ ಉಳಿಸಿ, ಕೊಳವೆಯ ಬಾಯಿಗೆ 6 ಮಿಲಿಮೀಟರ್ ಕ್ಯಾಪ್ಸೂಲ್ ಒತ್ತಿ ಕೂರಿಸಿ, ಸುತ್ತ ಎಂ-ಸೀಲ್ ಮೆತ್ತಿದೆ. ಗಾಳಿ ಎಲ್ಲೂ ಸೋರಬಾರದು, ಸೋರಿದರೆ ಕೆಳಗಿನ ಸ್ವರಗಳು ಮೊದಲು ಹೋಗುತ್ತವೆ. ತಟ್ಟೆಯನ್ನು ಗಂಟಲಿನ ಪಕ್ಕಕ್ಕೆ ಒತ್ತಿ ಹಿಡಿದು ಹಾಡಿದಾಗ ಬಾಣ ಗೆರೆಯ ಮೇಲೆ ಎಷ್ಟು ನಿಶ್ಚಲವಾಗಿ ನಿಂತಿತು ಅಂದರೆ, ಪಕ್ಕದಲ್ಲಿ ಟಿವಿ ಜೋರಾಗಿ ಕೂಗುತ್ತಿದ್ದರೂ ಅದಕ್ಕೆ ಲೆಕ್ಕವೇ ಇಲ್ಲ. ಹಾಡು ನಿಂತ ಕ್ಷಣ ಬಾಣವೂ ಮಾಯ. ಇಷ್ಟು ಸ್ವಚ್ಛವಾದ ಸಿಗ್ನಲ್ ನಾನು ಕಟ್ಟಿದ ಬೇರೆ ಯಾವ ಮೈಕ್‌ನಲ್ಲೂ ನನಗೆ ಸಿಕ್ಕಿಲ್ಲ.

ಆದರೆ ವ್ಯಂಜನಗಳು ಹುಟ್ಟುವುದು ಬಾಯಿಯಲ್ಲಿ, ಗಂಟಲಲ್ಲಿ ಅಲ್ಲ. ಸ್ವರವಿಲ್ಲದ, ಮಾತಿನ ಥರ ಹೇಳುವ ಭಾಗ ಬಂದಾಗ ಈ ಮೈಕ್‌ಗೆ ಅರ್ಧ ಮಾತ್ರ ಕೇಳಿಸುತ್ತದೆ. ಕತ್ತು ತಿರುಗಿಸಿದರೆ ಚರ್ಮ ಉಜ್ಜಿದ ಸದ್ದು ಬರುತ್ತದೆ. ಕಟ್ಟುವ ಪಟ್ಟಿಯ ವಿಷಯದಲ್ಲಿ ಎಚ್ಚರ ಬೇಕೇ ಬೇಕು. ಎಳೆದರೆ ತಾನಾಗಿ ಬಿಚ್ಚಿಕೊಳ್ಳುವ ವೆಲ್ಕ್ರೋ ಮಾತ್ರ ಬಳಸಿ, ಅದೂ ಸಡಿಲವಾಗಿ. ಕುತ್ತಿಗೆಗೆ ಗಂಟು ಹಾಕುವ ದಾರ, ಬಿಗಿ ಎಲಾಸ್ಟಿಕ್ ಬೇಡ. ಮಕ್ಕಳಿಗೆ ಇದನ್ನು ನಾನು ಕೊಡುವುದೇ ಇಲ್ಲ.

ಮೈಕ್ ಸರಿಯಾದ ಮೇಲೆ ಅಂಕ ಕಡಿಮೆ ಬಂದರೆ ಮೈಕನ್ನೇ ಬೈಯಬೇಡಿ. ನಮ್ಮಲ್ಲಿ ಸಂಗೀತ ಕಲಿತವರಿಗೆ ಇದು ಜಾಸ್ತಿ ಆಗುತ್ತದೆ. ಅಲ್ಟ್ರಾಸ್ಟಾರ್ ಡೀಲಕ್ಸ್ ಅನ್ನುವ ಉಚಿತ ಆಟದಲ್ಲಿ ಪ್ರತಿ ಅಕ್ಷರಕ್ಕೂ ಒಂದು ನೇರ ಗೆರೆ. ಕರ್ನಾಟಕ ಸಂಗೀತದ ಅಭ್ಯಾಸ ಇದ್ದವರ ಗಂಟಲು ಸ್ವರವನ್ನು ಹಾಗೆ ಬರಿದಾಗಿ ನಿಲ್ಲಿಸುವುದಿಲ್ಲ, ಗಮಕ ತಾನಾಗಿ ಬರುತ್ತದೆ. ಬಾಣ ಗೆರೆಯ ಮೇಲೆ ಕೆಳಗೆ ತೂಗುತ್ತದೆ. ಆ ಆಟದಲ್ಲಿ ಈಸಿ ಮಟ್ಟ ಎರಡು ಅರ್ಧಸ್ವರದಷ್ಟು ತಪ್ಪನ್ನು ಒಪ್ಪುತ್ತದೆ, ಮೀಡಿಯಂ ಒಂದನ್ನು, ಹಾರ್ಡ್ ಏನನ್ನೂ ಇಲ್ಲ. ಗಮಕ ಬಿಡಲು ಮನಸ್ಸಿಲ್ಲದವರು ಈಸಿಯಲ್ಲಿ ಹಾಡಲಿ. ಗಮಕ ದೊಡ್ಡದು, ಅಂಕ ಅಲ್ಲ.

ಈಗ ಮನೆಯಲ್ಲಿ ಇರುವ ವ್ಯವಸ್ಥೆ ಹೀಗೆ. ಗಿಟಾರ್‌ಗೆ ಲ್ಯಾಂಪ್ ತೋಳು, ಡ್ರಮ್ಸ್‌ಗೆ ತಲೆಪಟ್ಟಿ, ಬೇಸ್ ನುಡಿಸುವವರಿಗೆ ಇನ್ನೊಂದು ತಲೆಪಟ್ಟಿ. 2009ರ ದಿ ಬೀಟಲ್ಸ್: ರಾಕ್ ಬ್ಯಾಂಡ್ ಮೂರು ದನಿಯ ಹಾರ್ಮನಿ ತಂದಿತು, ಮರುವರ್ಷದ ರಾಕ್ ಬ್ಯಾಂಡ್ 3ರಲ್ಲೂ ಅದು ಇತ್ತು. ಯಾರ್ಗ್‌ನಲ್ಲೂ ಇದೆ. ಹಾಡುವ ಪ್ರತಿ ದನಿಗೂ ಒಂದು ಪ್ರೊಫೈಲ್, ಅದಕ್ಕೊಂದು ಮೈಕ್. ನುಡಿಸುವ ಕೈಗೆ ಬೇರೆ ಪ್ರೊಫೈಲ್. ಮೂವರೂ ನುಡಿಸುತ್ತಾ ಮೂರು ದನಿಯಲ್ಲಿ ಹಾಡುವುದು ಸಾಧ್ಯವಾದದ್ದು ಇದರಿಂದ.

ತಲೆಪಟ್ಟಿಗಳ ಎರಡು ಸೌಂಡ್ ಕಾರ್ಡ್‌ಗಳೂ ಒಂದೇ ಥರದವು, ಹಾಗಾಗಿ ವಿಂಡೋಸ್‌ನಲ್ಲಿ ಎರಡಕ್ಕೂ ಒಂದೇ ಹೆಸರು ಬರುತ್ತದೆ, ಮುಂದೆ ಒಂದು ಅಂಕಿ ಅಷ್ಟೇ. ಬೇರೆ ಪೋರ್ಟಿಗೆ ಹಾಕಿದರೆ ಅಂಕಿಯೂ ಬದಲಾಗಿ ಬೇಸ್‌ನವರ ದನಿ ಡ್ರಮ್ಸ್‌ನವರ ಗೆರೆಗೆ ಹೋಗುತ್ತದೆ. ಸೌಂಡ್ ಸೆಟ್ಟಿಂಗಿಗೆ ಹೋಗಿ ಒಂದಕ್ಕೆ 'ಡ್ರಮ್ಸ್', ಇನ್ನೊಂದಕ್ಕೆ 'ಬೇಸ್' ಅಂತ ಹೆಸರು ಕೊಟ್ಟೆ. ಆಮೇಲೆ ಪ್ರತಿ ಕಾರ್ಡಿಗೂ ಅದರ ಪೋರ್ಟಿಗೂ ಒಂದೇ ಬಣ್ಣದ ನೇಲ್ ಪಾಲಿಷ್ ಚುಕ್ಕೆ ಇಟ್ಟೆ. ಕೆಂಪು ಡ್ರಮ್ಸ್, ನೀಲಿ ಬೇಸ್. ತಂತಿಯನ್ನು ಬೆಲ್ಟಿನ ಕುಣಿಕೆಗೆ ಒಂದು ಸುತ್ತು ಹಾಕಿಕೊಂಡು ಕೂತರೆ, ಯಾರಾದರೂ ಎಡವಿದರೂ ಎಳೆತ ಸೊಂಟಕ್ಕೆ ಬರುತ್ತದೆ, ತಲೆಪಟ್ಟಿಗೆ ಬರುವುದಿಲ್ಲ.